ತಲೆಗೆ ಪೆಟ್ಟಾದ ಮೇಲೆ ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ? ಅಳೆಯುವುದು ಹೀಗೆ

“ಸ್ಕ್ಯಾನ್ ನಾರ್ಮಲ್ ಅಂತ ಬಂತು. ಆದರೂ ಮೊದಲಿನ ಹಾಗೆ ಕೆಲಸ ಮಾಡೋಕೆ ಆಗ್ತಿಲ್ಲ. ಇದನ್ನ ಡಾಕ್ಟರಿಗೆ, ಆಫೀಸಿನವರಿಗೆ ಹೇಗೆ ಅರ್ಥ ಮಾಡಿಸೋದು?” ಕನ್ಕಷನ್‌ನಿಂದ ಚೇತರಿಸಿಕೊಳ್ಳುತ್ತಿರುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅವರ ಮನೆಯವರೂ ಇದನ್ನೇ ಕೇಳುತ್ತಾರೆ. ಪೆಟ್ಟಿನ ನಂತರದ ಚೇತರಿಕೆಯ ಫಾರಂಗಳನ್ನು ತುಂಬಿಸುವುದು ನನ್ನ ನಿತ್ಯದ ಕೆಲಸ. ಹಾಗಾಗಿ ಅಳೆಯುವ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದು ದೊಡ್ಡವರಿಗೆ, ಅಂದರೆ 18 ದಾಟಿದವರಿಗೆ ಮಾತ್ರ. ಮಕ್ಕಳಿಗೆ ಬೇರೆ ಅಳತೆಗಳಿವೆ.

ಮೊದಲು ಎರಡು ಪದಗಳ ಅರ್ಥ ತಿಳಿದುಕೊಳ್ಳೋಣ.

ಕನ್ಕಷನ್ ಅಂದರೆ ತಲೆಗೆ ಬಿದ್ದ ಪೆಟ್ಟಿನಿಂದ ಅಥವಾ ಜೋರಾದ ಕುಲುಕಾಟದಿಂದ ಮಿದುಳಿನ ಕೆಲಸ ಏರುಪೇರಾಗುವುದು. ಸಿಟಿ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮೂಳೆ ಬಿರುಕು ಇಂಥವನ್ನು. ಕನ್ಕಷನ್‌ನಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ಆದ್ದರಿಂದ ಸ್ಕ್ಯಾನ್ ನಾರ್ಮಲ್ ಇರುವುದೂ ನಿಜ, ನಿಮ್ಮ ಕಷ್ಟವೂ ನಿಜ.

ಇನ್ನೊಂದು ಪದ ಡಿಸೆಬಿಲಿಟಿ. ಕನ್ನಡದಲ್ಲಿ ಅಂಗವೈಕಲ್ಯ ಅನ್ನುತ್ತೇವೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈಗೋ ಕಾಲಿಗೋ ಊನವಾದವರು ನೆನಪಾಗುತ್ತಾರೆ. “ನನಗೆ ಅಂಥದ್ದೇನೂ ಆಗಿಲ್ಲ” ಅಂತ ಎಷ್ಟೋ ಜನ ಫಾರಂ ಪಕ್ಕಕ್ಕಿಡುತ್ತಾರೆ. ಇಲ್ಲಿ ಅದರ ಅರ್ಥ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ಚೌಕಟ್ಟು ಇದನ್ನು ಮೂರು ಮಟ್ಟದಲ್ಲಿ ನೋಡುತ್ತದೆ: ದೇಹದಲ್ಲಿ ಏನಾಗಿದೆ, ಅದರಿಂದ ಯಾವ ಕೆಲಸ ಕಷ್ಟವಾಗಿದೆ, ಬದುಕಿನಲ್ಲಿ ಯಾವುದರಿಂದ ದೂರ ಉಳಿಯಬೇಕಾಗಿದೆ. ತಲೆಸುತ್ತು ಬರುವುದು ಮೊದಲನೆಯದು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕಾಗುವುದು ಎರಡನೆಯದು. ಅದೇ ಭಯಕ್ಕೆ ಗೆಳೆಯರ ಮನೆಗೆ ಹೋಗುವುದನ್ನೇ ನಿಲ್ಲಿಸಿಬಿಡುವುದು ಮೂರನೆಯದು. ಈ ಲೇಖನದಲ್ಲಿ ಇದಕ್ಕೆಲ್ಲ ‘ಅಡ್ಡಿ’ ಅನ್ನುತ್ತೇನೆ.

ಜನ ಎಡವುವುದು ಇಲ್ಲೇ. ತಲೆನೋವು ಎಷ್ಟಿದೆ ಅಂತ ದಿನಾ ಬರೆದಿಡುತ್ತಾರೆ. ಆ ತಲೆನೋವು ದಿನದಿಂದ ಏನನ್ನು ಕಿತ್ತುಕೊಂಡಿತು ಅಂತ ಬರೆಯುವುದಿಲ್ಲ. ಒಂದೇ ಬಗೆಯ ತಲೆನೋವು ಇರುವ ಇಬ್ಬರಲ್ಲಿ ಒಬ್ಬರು ಆಫೀಸಿಗೆ ಹೋಗಿ ಬರುತ್ತಿರಬಹುದು, ಇನ್ನೊಬ್ಬರು ಮಧ್ಯಾಹ್ನಕ್ಕೇ ಹಾಸಿಗೆ ಹಿಡಿಯುತ್ತಿರಬಹುದು. ಅಳೆಯಬೇಕಾದ್ದು ಆ ವ್ಯತ್ಯಾಸವನ್ನು.

ಅಳತೆಗೆ ಕೂರುವ ಮುಂಚೆ ಒಂದು ಎಚ್ಚರಿಕೆ. ತಲೆನೋವು ಏರುತ್ತಲೇ ಹೋಗುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ ಇದನ್ನು ಓದುತ್ತಾ ಕೂರಬೇಡಿ. ಕೈಕಾಲು ಸೋತರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸೋರುತ್ತಿದ್ದರೂ ಅಷ್ಟೇ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ ಇಂಥ ಲಕ್ಷಣಗಳು ಕಾಣಿಸಲಿ ಅಂತ ಕಾಯಲೇಬಾರದು.

ಬೇಕಾಗುವುದು ಇಷ್ಟು: ಒಂದು ಕ್ಯಾಲೆಂಡರ್, ರಿವರ್‌ಮೀಡ್ ಲಕ್ಷಣಗಳ ಪ್ರಶ್ನಾವಳಿ, ಹೂಡಾಸ್ 2.0 ಅನ್ನುವ ಫಾರಂನ 12 ಪ್ರಶ್ನೆಗಳ ಆವೃತ್ತಿ, ಒಂದು ಖಾಲಿ ಹಾಳೆ, ಜೊತೆಗೆ ನಿಮ್ಮನ್ನು ದಿನಾ ನೋಡುವ ಒಬ್ಬರು. ಹೂಡಾಸ್ (WHODAS) ಅಡ್ಡಿಯನ್ನು ಅಳೆಯುವ ಫಾರಂ. ವಿಶ್ವ ಆರೋಗ್ಯ ಸಂಸ್ಥೆಯದ್ದು, ಅವರ ಜಾಲತಾಣದಲ್ಲಿ ಸಿಗುತ್ತದೆ. ಸಿಕ್ಕ ಸಿಕ್ಕ ಅನುವಾದಗಳನ್ನು ಬಳಸಬೇಡಿ. ಒಂದು ಪದ ಆಚೀಚೆ ಆದರೂ ಉತ್ತರ ಬದಲಾಗುತ್ತದೆ. ಯಾವ ಭಾಷೆಯ, ಯಾವ ಆವೃತ್ತಿಯಲ್ಲಿ ಶುರು ಮಾಡಿದಿರೋ ಕೊನೆಯವರೆಗೂ ಅದನ್ನೇ ಬಳಸಿ.

1. ತಾರೀಖುಗಳನ್ನು ಗುರುತು ಮಾಡಿ

ಕ್ಯಾಲೆಂಡರಿನಲ್ಲಿ ಪೆಟ್ಟಾದ ದಿನಕ್ಕೆ ಒಂದು ಸುತ್ತು ಹಾಕಿ. ಅಲ್ಲಿಂದ 30 ದಿನ ಎಣಿಸಿ ಇನ್ನೊಂದು ಸುತ್ತು. ಆಮೇಲೆ 3 ತಿಂಗಳಿಗೆ ಒಂದು, 6 ತಿಂಗಳಿಗೆ ಒಂದು.

30 ದಿನ ಯಾಕೆ ಅಂದರೆ, ಹೂಡಾಸ್‌ನ ಎಲ್ಲ ಪ್ರಶ್ನೆಗಳೂ “ಕಳೆದ 30 ದಿನಗಳಲ್ಲಿ” ಅಂತಲೇ ಕೇಳುತ್ತವೆ. ಪೆಟ್ಟಾದ ಎರಡನೇ ವಾರಕ್ಕೇ ತುಂಬಿದರೆ, ನೀವು ಆರಾಮಾಗಿದ್ದ ದಿನಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಅಂಕ ಕಡಿಮೆ ಬರುತ್ತದೆ. ಮುಂದಿನ ತಿಂಗಳು ತುಂಬಿದಾಗ ಅಂಕ ಏರಿ, “ಜಾಸ್ತಿ ಆಗೋಯ್ತಲ್ಲ” ಅಂತ ಸುಮ್ನೆ ಗಾಬರಿಯಾಗುತ್ತೀರಿ. ಹಾಗೆಯೇ ವಾರ ವಾರ ತುಂಬುವುದರಲ್ಲೂ ಅರ್ಥವಿಲ್ಲ. ಅದೇ ದಿನಗಳನ್ನು ಮತ್ತೆ ಮತ್ತೆ ಎಣಿಸಿದಂತೆ ಆಗುತ್ತದೆ.

ಬಹಳಷ್ಟು ಜನ ಮೊದಲ ಕೆಲವು ವಾರಗಳಲ್ಲೇ ಸುಧಾರಿಸಿಕೊಳ್ಳುತ್ತಾರೆ. ಅವರಿಗೆ ಈ ಅಳತೆಗಳೆಲ್ಲ ಬೇಕಾಗುವುದೇ ಇಲ್ಲ.

2. ಲಕ್ಷಣಗಳ ಹಾಳೆ ತುಂಬಿ

ಮೊದಲ 30 ದಿನಗಳಲ್ಲಿ ಕೈಗೆ ಬರುವುದು ರಿವರ್‌ಮೀಡ್. 1995ರಲ್ಲಿ ಬಂದದ್ದು. ಇದರಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ಸದ್ದು ತಡೆಯಲಾಗದಿರುವುದು, ನಿದ್ದೆಯ ತೊಂದರೆ, ದಣಿವು, ಸಿಡುಕು, ಮರೆವು ಹೀಗೆ 16 ಲಕ್ಷಣಗಳಿವೆ. ಕಳೆದ 24 ಗಂಟೆಯನ್ನು ಪೆಟ್ಟಿಗೆ ಮುಂಚಿನ ಕಾಲದ ಜೊತೆ ಹೋಲಿಸಿ ಪ್ರತಿಯೊಂದಕ್ಕೂ 0ರಿಂದ 4ರವರೆಗೆ ಅಂಕ ಕೊಡಬೇಕು.

ಇಲ್ಲಿ ‘1’ ಅನ್ನುವ ಅಂಕಕ್ಕೆ ವಿಶೇಷ ಅರ್ಥವಿದೆ. ‘ಸ್ವಲ್ಪ ಇದೆ’ ಅಂತಲ್ಲ. ‘ಮೊದಲೂ ಇತ್ತು, ಈಗಲೂ ಅಷ್ಟೇ ಇದೆ’ ಅಂತ. ಪೆಟ್ಟಿನಿಂದ ಬಂದ ಅಲ್ಪ ತೊಂದರೆಗೆ 2 ಹಾಕಬೇಕು. ಒಟ್ಟು ಕೂಡುವಾಗ 1 ಬಂದದ್ದನ್ನೆಲ್ಲ ಸೊನ್ನೆ ಅಂತ ಎಣಿಸುತ್ತಾರೆ. ಈ ಒಂದು ತಪ್ಪಿನಿಂದ ಲೆಕ್ಕ ಪೂರ್ತಿ ಕೆಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ವಿಷಯ. ಪೆಟ್ಟಾದ ಮೇಲೆ ‘ಮೊದಲು ನಾನು ಎಷ್ಟು ಚೆನ್ನಾಗಿದ್ದೆ’ ಅನ್ನುವ ನೆನಪು ಇದ್ದದ್ದಕ್ಕಿಂತ ಹೊಳಪಾಗಿ ಕಾಣುತ್ತದೆ. ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಯಾರೂ ಬೇಕಂತ ಹಾಗೆ ಹೇಳುವುದಿಲ್ಲ, ಎಲ್ಲರ ಮನಸ್ಸೂ ಕೆಲಸ ಮಾಡುವುದೇ ಹಾಗೆ. ಆರೋಗ್ಯವಂತರೂ ಆಗೀಗ ಮರೆಯುತ್ತಾರೆ, ದಣಿಯುತ್ತಾರೆ, ಅಲ್ವಾ? ಪೆಟ್ಟಿಗೆ ಮುಂಚೆ ವಾರಕ್ಕೆ ಎಷ್ಟು ಸಲ ತಲೆನೋವು ಬರುತ್ತಿತ್ತು ಅಂತ ಮನೆಯವರನ್ನೂ ಕೇಳಿ ಬರೆಯಿರಿ.

ನೆನಪಿಡಿ, ಈ ಹಾಳೆ ಅಳೆಯುವುದು ಲಕ್ಷಣವನ್ನು. ಅಡ್ಡಿಯನ್ನಲ್ಲ.

3. ಹೂಡಾಸ್ ತುಂಬಿ, ಅವಸರ ಬೇಡ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. 12 ಪ್ರಶ್ನೆಗಳು ಆರು ಕ್ಷೇತ್ರಗಳನ್ನು ಮುಟ್ಟುತ್ತವೆ, ಒಂದೊಂದಕ್ಕೆ ಎರಡು ಪ್ರಶ್ನೆ. ಗ್ರಹಿಕೆಗೆ: ಹೊಸದೊಂದನ್ನು ಕಲಿಯುವುದು, 10 ನಿಮಿಷ ಒಂದರ ಮೇಲೆ ಗಮನ ಇಡುವುದು. ಓಡಾಟಕ್ಕೆ: 30 ನಿಮಿಷದಷ್ಟು ಹೊತ್ತು ನಿಲ್ಲುವುದು, ಒಂದು ಕಿಲೋಮೀಟರಿನಷ್ಟು ನಡೆಯುವುದು. ಸ್ವಂತ ಆರೈಕೆಗೆ: ಮೈ ತೊಳೆಯುವುದು, ಬಟ್ಟೆ ಹಾಕಿಕೊಳ್ಳುವುದು. ಒಡನಾಟಕ್ಕೆ: ಅಪರಿಚಿತರ ಜೊತೆ ವ್ಯವಹರಿಸುವುದು, ಗೆಳೆತನ ಉಳಿಸಿಕೊಳ್ಳುವುದು. ಕೆಲಸಕ್ಕೆ: ಮನೆಯ ಜವಾಬ್ದಾರಿ, ದಿನನಿತ್ಯದ ಉದ್ಯೋಗ. ಕೊನೆಯದು ಸಮಾಜದಲ್ಲಿ ಬೆರೆಯುವುದು: ಜನ ಸೇರುವ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳುವುದು, ಆರೋಗ್ಯದ ತೊಂದರೆ ಮನಸ್ಸಿಗೆ ಎಷ್ಟು ನಾಟಿದೆ ಅನ್ನುವುದು. ಉತ್ತರ ಐದು ಹಂತಗಳಲ್ಲಿ: ತೊಂದರೆ ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ, ಅತಿ ತೀವ್ರ ಅಥವಾ ಮಾಡಲಾಗುವುದೇ ಇಲ್ಲ.

ನನ್ನೆದುರು ಕೂತು ಒಬ್ಬ ಮಹಿಳೆ ಇದನ್ನು ತುಂಬುತ್ತಿದ್ದರು. ಗಮನದ ಪ್ರಶ್ನೆಗೆ ಬಂದರು. ಸಾಲಿನ ಕೆಳಗೆ ಬೆರಳಿಟ್ಟು ಓದಿದರು, ತಲೆಯೆತ್ತಿದರು, ಮತ್ತೆ ಅದೇ ಸಾಲಿನ ಶುರುವಿಗೆ ಬೆರಳು ಒಯ್ದರು. ಮೂರನೇ ಸಲ ಓದಿ ‘ಸ್ವಲ್ಪ’ ಅಂತ ಗುರುತು ಹಾಕಿದರು. ಮನೆಗೆಲಸಕ್ಕೆ ‘ತೊಂದರೆ ಇಲ್ಲ’. ಹೇಗೆ ಮಾಡುತ್ತೀರಿ ಅಂತ ಕೇಳಿದೆ. “ಮಾಡ್ತೀನಿ, ಆದರೆ ಒಲೆ ಆರಿಸಿದೆನೋ ಇಲ್ಲವೋ ಅಂತ ಮೂರು ನಾಲ್ಕು ಸಲ ಎದ್ದು ಹೋಗಿ ನೋಡ್ತೀನಿ” ಅಂದರು. ಇದೇ ತೊಂದರೆ. ‘ತೊಂದರೆ’ ಅಂದರೆ ಮಾಡಲು ಆಗದಿರುವುದು ಮಾತ್ರ ಅಲ್ಲ. ಜಾಸ್ತಿ ಶ್ರಮ ಬೇಕಾದರೆ, ನೋವಾದರೆ, ನಿಧಾನವಾದರೆ, ಮಾಡುವ ರೀತಿಯನ್ನೇ ಬದಲಿಸಬೇಕಾದರೆ ಅದೂ ತೊಂದರೆಯೇ. ಫಾರಂನ ಸೂಚನೆಯಲ್ಲೇ ಇದು ಇದೆ. ಆದರೆ ಸೂಚನೆ ಓದುವವರು ಕಡಿಮೆ.

ಹೆಚ್ಚು ಜನ ತಪ್ಪುವ ಇನ್ನೆರಡು ಜಾಗಗಳಿವೆ.

‘ಈ ತಿಂಗಳು ಆ ಕೆಲಸವನ್ನೇ ಮಾಡಿಲ್ಲ’ ಅನ್ನುವವರು ‘ತೊಂದರೆ ಇಲ್ಲ’ ಅಂತ ಗುರುತು ಹಾಕಿಬಿಡುತ್ತಾರೆ. ಯಾಕೆ ಮಾಡಿಲ್ಲ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ತಲೆಯ ತೊಂದರೆಯಿಂದ ಮಾಡಲಾಗದೆ ಬಿಟ್ಟಿದ್ದರೆ ಅದು ಕೊನೆಯ ಹಂತ, ‘ಮಾಡಲಾಗುವುದೇ ಇಲ್ಲ’. ಅವಕಾಶ ಬರದೆ ಮಾಡಿಲ್ಲದಿದ್ದರೆ ‘ಅನ್ವಯಿಸುವುದಿಲ್ಲ’ ಅಂತ ಬರೆಯಿರಿ. ಸೊನ್ನೆ ಮಾತ್ರ ಹಾಕಬೇಡಿ.

ಎರಡನೆಯದು, ಸಹಾಯ. ಎಂದಿನಂತೆ ನೀವು ಬಳಸುವ ಸಾಧನ, ಎಂದಿನಂತೆ ಸಿಗುವ ನೆರವು ಇದ್ದಾಗ ಎಷ್ಟು ಕಷ್ಟ ಅಂತ ಈ ಫಾರಂ ಕೇಳುತ್ತದೆ. ಪೆಟ್ಟಾದ ಮೇಲೆ ಬಿಲ್ಲು, ಪತ್ರ, ಬ್ಯಾಂಕಿನ ವ್ಯವಹಾರವನ್ನೆಲ್ಲ ಗಂಡನೋ ಮಗಳೋ ನೋಡಿಕೊಳ್ಳುತ್ತಿದ್ದರೆ ನಿಮ್ಮ ಉತ್ತರ ಹಗುರವಾಗಿ ಕಾಣುತ್ತದೆ. ಬದಲಾದ ಕೆಲಸಗಳನ್ನು ಅಂಚಿನಲ್ಲಿ ಒಂದೊಂದು ಸಾಲು ಬರೆಯಿರಿ.

ಕೊನೆಯಲ್ಲಿ ದಿನಗಳನ್ನು ಎಣಿಸುವ ಮೂರು ಪ್ರಶ್ನೆಗಳಿವೆ. 30ರಲ್ಲಿ ಎಷ್ಟು ದಿನ ಈ ತೊಂದರೆಗಳು ಇದ್ದವು? ಎಷ್ಟು ದಿನ ಕೆಲಸ ಪೂರ್ತಿ ನಿಂತಿತು? ಆ ಪೂರ್ತಿ ನಿಂತ ದಿನಗಳನ್ನು ಬಿಟ್ಟು, ಇನ್ನೆಷ್ಟು ದಿನ ಕೆಲಸ ಕಡಿಮೆ ಮಾಡಬೇಕಾಯಿತು? ಮೂರನೆಯದರಲ್ಲಿ ‘ಬಿಟ್ಟು’ ಅನ್ನುವ ಪದವನ್ನು ಗಮನಿಸಿ. ಒಂದೇ ದಿನವನ್ನು ಎರಡೂ ಕಡೆ ಎಣಿಸಬಾರದು. ನನ್ನ ಅನುಭವದಲ್ಲಿ ಡಾಕ್ಟರಿಗೂ ಮಾಲೀಕರಿಗೂ ಅಂಕಕ್ಕಿಂತ ಬೇಗ ಅರ್ಥವಾಗುವುದು ಈ ಮೂರು ಸಂಖ್ಯೆಗಳೇ.

ಓದುವಾಗ ಕಣ್ಣು ನೋಯುವವರಿಗೆ ಬೇರೆಯವರು ಓದಿ ಹೇಳಬಹುದು. ಆದರೆ ಉತ್ತರ ನಿಮ್ಮದೇ ಇರಲಿ. ಬೆಳಿಗ್ಗೆ ತುಂಬಿದ್ದರೆ ಮುಂದಿನ ಸಲವೂ ಬೆಳಿಗ್ಗೆಯೇ ತುಂಬಿ. ಕನ್ಕಷನ್ ಆದವರಲ್ಲಿ ಬೆಳಗಿನ ಮನುಷ್ಯ ಬೇರೆ, ಸಂಜೆಯ ಮನುಷ್ಯ ಬೇರೆ.

4. ಅಂಕ ಕೂಡಿ, ಆದರೆ ಒಟ್ಟು ನೋಡಿ ನಿಲ್ಲಬೇಡಿ

ಸರಳ ಲೆಕ್ಕ ಹೀಗೆ: ‘ತೊಂದರೆ ಇಲ್ಲ’ 0, ‘ಸ್ವಲ್ಪ’ 1, ‘ಮಧ್ಯಮ’ 2, ‘ತೀವ್ರ’ 3, ‘ಮಾಡಲಾಗುವುದೇ ಇಲ್ಲ’ 4. ಹನ್ನೆರಡನ್ನೂ ಕೂಡಿದರೆ 0ರಿಂದ 48ರ ನಡುವೆ ಬರುತ್ತದೆ. 100ಕ್ಕೆ ಎಷ್ಟು ಅಂತ ಬೇಕಿದ್ದರೆ 48ರಿಂದ ಭಾಗಿಸಿ 100ರಿಂದ ಗುಣಿಸಿ. 19 ಬಂದಿದ್ದರೆ 100ಕ್ಕೆ ಸುಮಾರು 40.

ಕೆಲವು ಫಾರಂಗಳಲ್ಲಿ ಇದೇ ಐದು ಹಂತಗಳಿಗೆ 1ರಿಂದ 5 ಅಂಕ ಇರುತ್ತವೆ. ಆಗ ಏನೂ ತೊಂದರೆ ಇಲ್ಲದವರಿಗೂ 12 ಬರುತ್ತದೆ, ಮೇಲಿನ 19 ಅಲ್ಲಿ 31 ಆಗುತ್ತದೆ. ಒಂದು ಕಡೆ 19, ಇನ್ನೊಂದು ಕಡೆ 31 ನೋಡಿ ಹೆದರಿಕೊಂಡವರಿದ್ದಾರೆ. 31ರಿಂದ 12 ಕಳೆಯಿರಿ, ಸರಿಹೋಗುತ್ತದೆ. ಕಂಪ್ಯೂಟರ್ ಬಳಸಿ ಪ್ರಶ್ನೆಗಳಿಗೆ ಬೇರೆ ಬೇರೆ ತೂಕ ಕೊಟ್ಟು 0ರಿಂದ 100ಕ್ಕೆ ಲೆಕ್ಕ ಹಾಕುವ ಇನ್ನೊಂದು ವಿಧಾನವೂ ಇದೆ. ಆ ಅಂಕವನ್ನು ಕೈಯಲ್ಲಿ ಕೂಡಿದ ಅಂಕದ ಪಕ್ಕ ಇಟ್ಟು ಹೋಲಿಸಬೇಡಿ.

ಈಗ ಮುಖ್ಯ ಮಾತು. ಕನ್ಕಷನ್ ಆದವರಿಗೆ ಮೈ ತೊಳೆಯುವುದು, ಬಟ್ಟೆ ಹಾಕುವುದು, ನಡೆಯುವುದರಲ್ಲಿ ಹೆಚ್ಚಾಗಿ ಸೊನ್ನೆಯೋ ಒಂದೋ ಬರುತ್ತದೆ. ಅದರಿಂದ ಒಟ್ಟು ಅಂಕ ಇಳಿಯುತ್ತದೆ. ಗಮನಕ್ಕೆ 3, ಉದ್ಯೋಗಕ್ಕೆ 3, ಜನರ ನಡುವೆ ಬೆರೆಯಲು 3, ಉಳಿದದ್ದೆಲ್ಲ ಸೊನ್ನೆ ಇದ್ದರೆ ಒಟ್ಟು ಬರೀ 9. ಕಾಗದದ ಮೇಲೆ ಅದು ಸಣ್ಣದು. ಲೆಕ್ಕಪತ್ರ ನೋಡುವ ಉದ್ಯೋಗ ಇರುವವರಿಗೆ ಅದು ಕೆಲಸವೇ ಕೈಬಿಡುವಷ್ಟು ದೊಡ್ಡದು. ಆದ್ದರಿಂದ 3 ಮತ್ತು 4 ಬಂದ ಪ್ರಶ್ನೆಗಳಿಗೆ ಸುತ್ತು ಹಾಕಿ. ಡಾಕ್ಟರ ಜೊತೆ ಮಾತು ಅಲ್ಲಿಂದಲೇ ಶುರುವಾಗಲಿ.

ಒಂದು ತಿಂಗಳಿಂದ ಇನ್ನೊಂದಕ್ಕೆ ಒಂದೆರಡು ಅಂಕ ಆಚೀಚೆ ಆದರೆ ಅದಕ್ಕೆ ಅರ್ಥ ಹುಡುಕಬೇಡಿ. ಹಿಂದಿನ ರಾತ್ರಿ ನಿದ್ದೆ ಕೆಟ್ಟರೂ ಅಷ್ಟು ಬದಲಾಗುತ್ತದೆ. ಪ್ರತಿ ಕ್ಷೇತ್ರಕ್ಕೂ ಬೇರೆ ಬೇರೆ ಅಂಕ ಬೇಕಿದ್ದರೆ 36 ಪ್ರಶ್ನೆಗಳ ಆವೃತ್ತಿ ಇದೆ. ಬೇರೆಯವರು ಕೇಳಿ ತುಂಬಿಸಿದರೆ ಸುಮಾರು 20 ನಿಮಿಷ ಹಿಡಿಯುತ್ತದೆ. ಉದ್ಯೋಗದಲ್ಲಿಲ್ಲದವರಿಗೆ ಅದರಲ್ಲಿ 32 ಪ್ರಶ್ನೆಗಳಷ್ಟೇ ಲೆಕ್ಕಕ್ಕೆ.

5. ನಿಮ್ಮದೇ ಮೂರು ಕೆಲಸ ಆರಿಸಿ

ಹೂಡಾಸ್ ಸ್ಕ್ರೀನ್ ನೋಡುವುದರ ಬಗ್ಗೆ ಕೇಳುವುದಿಲ್ಲ. ಗಾಡಿ ಓಡಿಸುವುದು, ಗದ್ದಲದಲ್ಲಿ ಮಾತು ಕೇಳಿಸಿಕೊಳ್ಳುವುದು ಅದರಲ್ಲಿಲ್ಲ. ಆದರೆ ಕನ್ಕಷನ್ ಆದವರು ಸೋಲುವುದು ಇಂಥ ಕಡೆಗಳಲ್ಲೇ. ಅದಕ್ಕೆ ಪೇಷಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್ ಅನ್ನುವ ಸರಳ ಅಳತೆ ಇದೆ. ನಿಮಗೆ ಮುಖ್ಯವಾದ, ಈಗ ಕಷ್ಟವಾಗಿರುವ ಮೂರು ಕೆಲಸ ಬರೆಯಿರಿ. ಪ್ರತಿಯೊಂದಕ್ಕೂ 0ರಿಂದ 10ರವರೆಗೆ ಅಂಕ ಕೊಡಿ. 0 ಅಂದರೆ ಮಾಡಲು ಆಗುವುದೇ ಇಲ್ಲ, 10 ಅಂದರೆ ಪೆಟ್ಟಿಗೆ ಮುಂಚಿನಂತೆ ಆಗುತ್ತದೆ.

ಹುಷಾರು, ದಿಕ್ಕು ಉಲ್ಟಾ. ಹೂಡಾಸ್‌ನಲ್ಲಿ ಅಂಕ ಏರಿದರೆ ಕೆಟ್ಟದ್ದು, ಇಲ್ಲಿ ಏರಿದರೆ ಒಳ್ಳೆಯದು. ಎರಡು ಹಾಳೆಗಳ ತಲೆಯ ಮೇಲೂ ಇದನ್ನು ದೊಡ್ಡದಾಗಿ ಬರೆದಿಡಿ.

ಕೆಲಸವನ್ನು ಬಿಡಿಸಿ ಬರೆಯಿರಿ. ‘ಓದುವುದು’ ಅಂತ ಬರೆದರೆ ಸಾಲದು. ‘ಎರಡು ಪುಟದ ಪತ್ರ ಓದಿ ಉತ್ತರ ಬರೆಯುವುದು’ ಅಂತಿರಲಿ. ಪಕ್ಕದಲ್ಲಿ ಇನ್ನೆರಡು ಅಂಕಣ ಎಳೆಯಿರಿ: ಎಷ್ಟು ನಿಮಿಷಕ್ಕೆ ನಿಲ್ಲಿಸಬೇಕಾಯಿತು, ಮಾರನೇ ದಿನ ಹೇಗಿತ್ತು. ಈ ಎರಡನೆಯದನ್ನು ಯಾವ ಫಾರಂ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಒಂದು ಮೀಟಿಂಗ್ ಚೆನ್ನಾಗಿ ಮುಗಿಸಿ, ಮಾರನೇ ದಿನವಿಡೀ ಕತ್ತಲ ಕೋಣೆಯಲ್ಲಿ ಮಲಗಿದರೆ ಆ ಮೀಟಿಂಗ್ ‘ಆಯಿತು’ ಅಂತ ಬರೆಯುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ.

6. ಮನೆಯವರಿಗೂ ಒಂದು ಹಾಳೆ

ಹತ್ತಿರದವರು ತುಂಬುವ ಹೂಡಾಸ್ ಫಾರಂ ಬೇರೆಯೇ ಇದೆ. ಇಬ್ಬರೂ ಬೇರೆ ಬೇರೆ ಕೂತು ತುಂಬಿ. ಎರಡರ ಸರಾಸರಿ ತೆಗೆಯಬೇಡಿ, ಜಗಳಕ್ಕೂ ಇಳಿಯಬೇಡಿ. ನೀವು 1 ಹಾಕಿದ ಕಡೆ ಅವರು 3 ಹಾಕಿದ್ದರೆ, ಏನನ್ನು ನೋಡಿ ಹಾಗೆ ಹಾಕಿದರು ಅಂತ ಒಂದು ಉದಾಹರಣೆ ಕೇಳಿ ಬರೆದುಕೊಳ್ಳಿ.

7. ಅಡ್ಡಿಗೆ ಬೇರೆ ಕಾರಣ ಇದೆಯೇ ನೋಡಿ

ಅಡ್ಡಿ ಎಷ್ಟಿದೆ ಅಂತ ಹೂಡಾಸ್ ಹೇಳುತ್ತದೆ. ಯಾಕಿದೆ ಅಂತ ಹೇಳುವುದಿಲ್ಲ. ‘ಎಲ್ಲ ಮಿದುಳಿನಿಂದಲೇ’ ಅಂದುಕೊಂಡರೆ ಗುಣವಾಗುವಂಥದ್ದೂ ಹಾಗೇ ಉಳಿದುಬಿಡುತ್ತದೆ. ಪೆಟ್ಟಿನ ಜೊತೆಗೇ ಕತ್ತು ಉಳುಕಿರಬಹುದು, ತಲೆನೋವು ಅಲ್ಲಿಂದ ಬರುತ್ತಿರಬಹುದು. ಒಳಕಿವಿಯ ಸಮತೋಲನ ಕೆಟ್ಟಿರಬಹುದು, ಅದಕ್ಕೆ ವ್ಯಾಯಾಮಗಳಿವೆ. ಹತ್ತಿರದ್ದನ್ನು ನೋಡಲು ಎರಡು ಕಣ್ಣೂ ಕೂಡಿ ಕೆಲಸ ಮಾಡುತ್ತಿಲ್ಲದಿರಬಹುದು.

ನೋವಿನ ಮಾತ್ರೆ ನುಂಗಿದ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, 3 ತಿಂಗಳು ದಾಟಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಬರುವುದುಂಟು. ಕೆಲವು ಬಗೆಯ ಮಾತ್ರೆಗಳಿಗೆ 10 ದಿನವೇ ಸಾಕು.

ಮನಸ್ಸನ್ನೂ ಅಳೆಯಿರಿ. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7 ಅನ್ನುವ ಸಣ್ಣ ಪ್ರಶ್ನಾವಳಿಗಳಿವೆ. ಖಿನ್ನತೆಯಲ್ಲೂ ಗಮನ ಹಾರುತ್ತದೆ, ನಿದ್ದೆ ಕೆಡುತ್ತದೆ, ದಣಿವಾಗುತ್ತದೆ. ಹಾಗಂತ ನಿಮ್ಮ ಕಷ್ಟ ‘ಬರೀ ಮನಸ್ಸಿನದ್ದು’ ಅಂತ ಅರ್ಥವಲ್ಲ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು ಅಂತ ಅರ್ಥ. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ, ಸತ್ತರೇ ವಾಸಿ ಅನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಅಂದೇ ಮನೆಯವರಿಗೆ ಹೇಳಿ, ಅಂದೇ ಡಾಕ್ಟರನ್ನು ಕಾಣಿ.

ವಿಶ್ರಾಂತಿಯೂ ಅಡ್ಡಿಯಾಗಬಹುದು. ವಿಶ್ರಾಂತಿ ಬೇಕಾಗುವುದು ಮೊದಲ 24ರಿಂದ 48 ಗಂಟೆ, ಅದೂ ಪೂರ್ತಿ ಹಾಸಿಗೆ ಹಿಡಿಯುವಂಥದ್ದಲ್ಲ. ಆಮೇಲೆ ಲಕ್ಷಣ ತೀರಾ ಏರದಂತೆ ನೋಡಿಕೊಂಡು ನಿಧಾನಕ್ಕೆ ಚಟುವಟಿಕೆಗೆ ಮರಳಬೇಕು ಅಂತ ಈಗಿನ ಸಲಹೆ. ವಾರಗಟ್ಟಲೆ ಕೋಣೆಯಲ್ಲೇ ಉಳಿದವರ ಹಾಳೆಯಲ್ಲಿ ಪೆಟ್ಟಿನ ಅಡ್ಡಿ ಎಷ್ಟು, ಸುಮ್ಮನೆ ಮಲಗಿದ್ದರ ಅಡ್ಡಿ ಎಷ್ಟು ಅಂತ ಬಿಡಿಸುವುದು ಕಷ್ಟ.

8. ಎಲ್ಲವನ್ನೂ ಒಂದು ಪುಟಕ್ಕೆ ತನ್ನಿ

ಡಾಕ್ಟರ ಹತ್ತಿರ ಫಾರಂಗಳ ಕಟ್ಟು ಒಯ್ಯಬೇಡಿ. ಒಂದೇ ಪುಟದಲ್ಲಿ ಬರೆಯಿರಿ: ಪೆಟ್ಟಾದ ದಿನ, ಅಳೆದ ದಿನ, ಹೂಡಾಸ್ ಅಂಕ ‘48ಕ್ಕೆ ಇಷ್ಟು’ ಅಂತ, 3 ಮತ್ತು 4 ಬಂದ ಪ್ರಶ್ನೆಗಳು, ದಿನಗಳನ್ನು ಎಣಿಸಿದ ಆ ಮೂರು ಸಂಖ್ಯೆಗಳು, ನಿಮ್ಮ ಮೂರು ಕೆಲಸಗಳ ಅಂಕ. ಮುಂದಿನ ಸಲದ ಅಂಕಗಳನ್ನು ಅದೇ ಪುಟದಲ್ಲಿ ಪಕ್ಕದ ಅಂಕಣಕ್ಕೆ ಸೇರಿಸಿ.

ಕೆಲವು ಡಾಕ್ಟರುಗಳು ವಿಸ್ತೃತ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್ ಅನ್ನೂ ಕೇಳುತ್ತಾರೆ. ಅದರಲ್ಲಿ ಎಂಟೇ ಮೆಟ್ಟಿಲು. 1 ಸಾವು, 8 ಒಳ್ಳೆಯ ಚೇತರಿಕೆಯ ಮೇಲ್ಮಟ್ಟ. ದೊಡ್ಡ ಪೆಟ್ಟುಗಳಿಗೆ ಒಳ್ಳೆಯ ಅಳತೆ. ಕನ್ಕಷನ್ ಆದವರು ಬಹುತೇಕ ಮೇಲಿನ ಮೆಟ್ಟಿಲುಗಳಲ್ಲೇ ಸೇರಿಕೊಳ್ಳುವುದರಿಂದ ಅವರೊಳಗಿನ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ‘ನಿಮಗೆ 7 ಬಂದಿದೆ, ಚೆನ್ನಾಗಿದ್ದೀರಿ’ ಅಂದರೆ ನಿಮ್ಮ ಒಂದು ಪುಟವನ್ನು ಮುಂದಿಡಿ. ಆಟದ ಮೈದಾನದಲ್ಲಿ ಬಳಸುವ ಸ್ಕ್ಯಾಟ್6 ಪರೀಕ್ಷೆ ಮೊದಲ ಕೆಲವು ದಿನಗಳಿಗೆ ಮಾತ್ರ. ತಿಂಗಳ ನಂತರದ ಅಡ್ಡಿಗೆ ಅದು ಅಳತೆಯಲ್ಲ.

ಆಫೀಸಿಗೆ ಅಂಕ ಕೊಡಬೇಕಾಗಿಲ್ಲ, ಅದು ನಿಮ್ಮ ಖಾಸಗಿ ವಿಷಯ. ಸುತ್ತು ಹಾಕಿದ ಪ್ರಶ್ನೆಗಳನ್ನು ಕೋರಿಕೆಗಳಾಗಿ ಬದಲಿಸಿ. ಗಮನಕ್ಕೆ 3 ಬಂದಿದೆ, ಸ್ಕ್ರೀನ್ ಮುಂದೆ 25 ನಿಮಿಷಕ್ಕೆ ನಿಲ್ಲಿಸಬೇಕಾಗುತ್ತಿದೆ ಅಂದರೆ, 20 ನಿಮಿಷಕ್ಕೊಮ್ಮೆ 5 ನಿಮಿಷ ಬಿಡುವು ಕೇಳಿ. ಗದ್ದಲ ತಡೆಯಲಾಗದಿದ್ದರೆ ಮೂಲೆಯ ಮೇಜು ಕೇಳಿ. ಮಾರನೇ ದಿನ ಸುಸ್ತು ಹೊಡೆಯುತ್ತಿದ್ದರೆ ದಿನ ಬಿಟ್ಟು ದಿನ ಅರ್ಧ ಹೊತ್ತಿನ ಕೆಲಸ ಕೇಳಿ. ಎಷ್ಟು ವಾರಕ್ಕೆ ಅಂತಲೂ ಬರೆಯಿರಿ. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿರುವ ಮುಂದಿನ ತಾರೀಖಿಗೆ ಮತ್ತೆ ಅಳೆದು, ಬಂದ ಅಂಕ ನೋಡಿ ಕೆಲಸದ ಹೊತ್ತನ್ನು ಹೆಚ್ಚಿಸಬಹುದು.